ಹಡಗಿನ ಊಟಕ್ಕೆ ಯಾವ ಉಡುಗೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಉಣ್ಣುವುದು ನಮ್ಮ ನಾಲಗೆಗೆ ಒಪ್ಪುವಂತಿರಲಿ, ಉಡುವುದು ನೋಡುವವರ ಕಣ್ಣಿಗೆ ಒಪ್ಪುವಂತಿರಲಿ ಎಂಬುದು ಅದರ ತಾತ್ಪರ್ಯ. ಸಮಾಜ ವಿಜ್ಞಾನದ ಜೊತೆಗೆ ಕೆಲವು ವರ್ಷ ಕನ್ನಡವನ್ನೂ ಬೋಧಿಸಿದ ನಾನು ಈ ಗಾದೆಯ ವಿಸ್ತರಣೆಯನ್ನು ಎಷ್ಟು ತಂಡದ ಮಕ್ಕಳಿಂದ ಬರೆಸಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಇದನ್ನು ಓದುತ್ತಿರುವ ಕೆಲವರಿಗಾದರೂ ಅದು ನೆನಪಿರಬಹುದು. ಈಗ ಅದೇ ಗಾದೆಯನ್ನು ನಾನೇ ವಿಸ್ತರಿಸಬೇಕಾದ ಪ್ರಸಂಗ ಒದಗಿದೆ.

ಕಾರಣವಿಷ್ಟೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಅಮೆರಿಕ, ಆಸ್ಟ್ರೇಲಿಯ, ಸಿಂಗಪುರಗಳಲ್ಲಿ ನೆಲೆಸಿದ್ದಾರೆ. ಊರಿನಿಂದ ತಂದೆತಾಯಿಗಳನ್ನು ಕರೆಸಿಕೊಂಡಾಗ ಅವರನ್ನು ಕ್ರೂಸ್ ಹಡಗಿನಲ್ಲಿ ನಾಲ್ಕಾರು ದಿನ ಸುತ್ತಾಡಿಸುವುದು ಈಗ ಒಂದು ರೂಢಿಯೇ ಆಗಿದೆ. 2023ರ ಬೇಸಿಗೆಯಲ್ಲಿ ನಾನೂ ನನ್ನ ಶ್ರೀಮತಿಯೂ ಮಗಳ ಸಂಸಾರದೊಡನೆ ಸಿಯಾಟಲ್ ಬಂದರಿನಿಂದ ಅಲಾಸ್ಕಕ್ಕೆ ಏಳು ರಾತ್ರಿಗಳ ಪ್ರಯಾಣ ಮಾಡಿ ಬಂದೆವು. ಅದನ್ನು ತಿಳಿದವರು ಆಗಾಗ ದೂರವಾಣಿಯಲ್ಲಿ ಕೇಳುವುದುಂಟು: “ಸರ್, ಅಲ್ಲಿಯ ಸ್ಪೆಷಾಲಿಟಿ ರೆಸ್ಟೋರೆಂಟಿಗೆ ಹೋಗುವಾಗ ಅಪ್ಪನಿಗೆ ಸೂಟು ಹೊಲಿಸಬೇಕೆ? ಅಮ್ಮ ಸೀರೆಯಲ್ಲೇ ಬಂದರೆ ನಡೆಯುತ್ತದೆಯೆ?” ಪ್ರಶ್ನೆ ಚಿಕ್ಕದು. ಆದರೆ ಅದರ ಹಿಂದಿರುವ ಅಳುಕು ಚಿಕ್ಕದಲ್ಲವೆಂದು ನನಗೆ ತೋರಿದ್ದರಿಂದ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

ಹಡಗನ್ನು ಹತ್ತದವರಿಗಾಗಿ ಮೊದಲು ಒಂದೆರಡು ಮಾತು. ಕ್ರೂಸ್ ಹಡಗೆಂದರೆ ನೀರಿನ ಮೇಲೆ ತೇಲುವ ಒಂದು ಸಣ್ಣ ಪಟ್ಟಣ. ಅಲ್ಲಿ ಊಟಕ್ಕೆ ಮೂರು ಬಗೆಯ ಏರ್ಪಾಡುಗಳಿರುತ್ತವೆ. ಮೊದಲನೆಯದು ಮೇಲಿನ ಅಂತಸ್ತಿನ ಬಫೆ. ತಟ್ಟೆ ಹಿಡಿದು ಬೇಕಾದುದನ್ನು ಬಡಿಸಿಕೊಳ್ಳಬಹುದು. ಎರಡನೆಯದು ಮುಖ್ಯ ಭೋಜನಶಾಲೆ. ಮೇಜಿನ ಮುಂದೆ ಕುಳಿತವರಿಗೆ ಸರದಿಯಂತೆ ತಂದು ಬಡಿಸುತ್ತಾರೆ. ಇವೆರಡರ ಖರ್ಚು ಟಿಕೇಟಿನಲ್ಲಿಯೇ ಅಡಕವಾಗಿರುತ್ತದೆ. ಮೂರನೆಯದು ಸ್ಪೆಷಾಲಿಟಿ ರೆಸ್ಟೋರೆಂಟು. ಇಟಲಿಯ ಅಡುಗೆಗೊಂದು, ಫ್ರೆಂಚ್ ಅಡುಗೆಗೊಂದು, ಜಪಾನೀ ಅಡುಗೆಗೊಂದು, ಮಾಂಸದ ಸ್ಟೇಕ್‌ಗೆಂದೇ ಒಂದು, ಹೀಗೆ ಬೇರೆಬೇರೆ ಕೋಣೆಗಳಿರುತ್ತವೆ. ಇಲ್ಲಿಗೆ ಹೋಗಲು ಪ್ರತ್ಯೇಕ ಹಣ ತೆರಬೇಕು, ಮುಂಚಿತವಾಗಿ ಸ್ಥಳ ಕಾದಿರಿಸಬೇಕು. ಜೊತೆಗೆ ಬಾಗಿಲಲ್ಲಿ ಉಡುಪಿನ ನಿಯಮವೊಂದು ಕಾದಿರುತ್ತದೆ.

ಆ ನಿಯಮಕ್ಕೆ ಬಹುತೇಕ ಹಡಗುಗಳಲ್ಲಿ ‘ಸ್ಮಾರ್ಟ್ ಕ್ಯಾಶುಯಲ್’ ಎಂದು ಹೆಸರು. ತೀರ ವಿಧ್ಯುಕ್ತವೂ ಅಲ್ಲದ, ತೀರ ಮನೆಯುಡುಪೂ ಅಲ್ಲದ, ಅಚ್ಚುಕಟ್ಟಾದ ಉಡುಗೆ ಎಂದು ಅರ್ಥೈಸಬಹುದು. ಗಂಡಸರಿಗೆ ಉದ್ದನೆಯ ಪ್ಯಾಂಟು, ಕಾಲರಿರುವ ಅಂಗಿ. ಹೆಂಗಸರಿಗೆ ಗೌನು, ಲಂಗ, ಅಥವಾ ಪ್ಯಾಂಟು ಮತ್ತು ಮೇಲಂಗಿ ಎಂದು ಉದಾಹರಣೆಗಳನ್ನು ಕೊಟ್ಟಿರುತ್ತಾರೆ. ನಿಷೇಧದ ಪಟ್ಟಿ ಇದಕ್ಕಿಂತ ಸ್ಪಷ್ಟವಾಗಿರುತ್ತದೆ: ಈಜುಡುಪು, ಸ್ನಾನದ ನಿಲುವಂಗಿ, ತೋಳಿಲ್ಲದ ಬನಿಯನ್ನು, ವ್ಯಾಯಾಮದ ಚಡ್ಡಿ, ರಬ್ಬರ್ ಹವಾಯಿ ಚಪ್ಪಲಿ. ಕೆಲವು ಹಡಗುಗಳಲ್ಲಿ ಕ್ರಿಕೆಟ್ ಆಟಗಾರರು ಹಾಕುವಂಥ ಟೋಪಿಗೂ, ಹರಿದ ಜೀನ್ಸಿಗೂ ಪ್ರವೇಶವಿಲ್ಲ.

ಈ ನಿಯಮ ಮೊದಲಿನಿಂದ ಹೀಗೆಯೇ ಇದ್ದುದಲ್ಲ. ಹಡಗಿನಲ್ಲಿ ಹೆಚ್ಚಿನ ಹಣ ಪಡೆದು ಬೇರೆ ಕೋಣೆಯಲ್ಲಿ ಬಡಿಸುವ ಪದ್ಧತಿಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. 1905ರಲ್ಲಿ ಸಂಚಾರ ಆರಂಭಿಸಿದ ಜರ್ಮನಿಯ ‘ಅಮೆರಿಕ’ ಎಂಬ ಹಡಗಿನಲ್ಲಿ ರಿಟ್ಸ್ ಹೆಸರಿನೊಂದಿಗೆ ಇಂತಹ ಭೋಜನಶಾಲೆಯಿತ್ತು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿಯೂ ಲುಯಿಜಿ ಗಾಟಿ ಎಂಬ ಇಟಲಿಯವನು ಗುತ್ತಿಗೆಯ ಮೇಲೆ ನಡೆಸುತ್ತಿದ್ದ ಒಂದು ರೆಸ್ಟೋರೆಂಟಿತ್ತು. ಅಲ್ಲಿಗೆ ಒಂದನೆಯ ದರ್ಜೆಯ ಪ್ರಯಾಣಿಕರಿಗೆ ಮಾತ್ರ ಪ್ರವೇಶ. ಅದೇ ಹಡಗಿನ ಮೂರನೆಯ ದರ್ಜೆಯಲ್ಲಿ, ಹೊಸ ಬದುಕನ್ನರಸಿ ಹೊರಟ ಬಡವರು ನೂರಾರು ಮಂದಿ ಇದ್ದರು. ಆ ಕಾಲದಲ್ಲಿ ಮೇಲ್ವರ್ಗದವರ ಸಂಜೆಯ ಉಡುಗೆಯೆಂಬುದು ಅಂದಚೆಂದಕ್ಕಷ್ಟೇ ಇದ್ದುದಲ್ಲ. ಅದು ದರ್ಜೆಯ ಗುರುತು. ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಬಟ್ಟೆಯೇ ಸಾರುತ್ತಿತ್ತು.

ಕಾಲ ಸರಿದಂತೆ ಈ ಬಿಗಿ ಸಡಿಲವಾಯಿತು. 2000ದಲ್ಲಿ ನಾರ್ವೀಜಿಯನ್ ಕಂಪನಿಯು ‘ಫ್ರೀಸ್ಟೈಲ್’ ಎಂಬ ಹೆಸರಿನಲ್ಲಿ, ನಿಗದಿತ ವೇಳೆ ಮತ್ತು ನಿಗದಿತ ಮೇಜುಗಳ ಕಟ್ಟುಪಾಡನ್ನು ಕೈಬಿಟ್ಟು, ಉಡುಪಿನಲ್ಲಿಯೂ ಧಾರಾಳತೆ ತೋರಿತು. 2015ರಲ್ಲಿ ಸೆಲೆಬ್ರಿಟಿ ಕಂಪನಿಯು ತನ್ನ ಹಡಗುಗಳಲ್ಲಿ ‘ಫಾರ್ಮಲ್’ ರಾತ್ರಿಗಳನ್ನು ನಿಲ್ಲಿಸಿ, ಅವುಗಳ ಬದಲಿಗೆ ತುಸು ಹಗುರವಾದ ನಿಯಮವನ್ನು ತಂದಿತು. ಕ್ಯೂನಾರ್ಡ್‌ನಂತಹ ಹಳೆಯ ಬ್ರಿಟಿಷ್ ಕಂಪನಿ ಮಾತ್ರ ಇಂದಿಗೂ ಕೆಲವು ಸಂಜೆಗಳಲ್ಲಿ ಕಪ್ಪು ಬೋ ಕಟ್ಟಿದ ವಿಧ್ಯುಕ್ತ ಉಡುಪನ್ನು ಉಳಿಸಿಕೊಂಡಿದೆ. ಗಮನಿಸಬೇಕಾದ ಸಂಗತಿಯೆಂದರೆ, ಇಷ್ಟು ಸಂಪ್ರದಾಯನಿಷ್ಠವಾದ ಆ ಕಂಪನಿಯೂ ಆಯಾ ದೇಶದ ವಿಧ್ಯುಕ್ತ ರಾಷ್ಟ್ರೀಯ ಉಡುಪಿಗೆ ತನ್ನ ನಿಯಮದಲ್ಲಿಯೇ ಸ್ಥಾನ ಕೊಟ್ಟಿದೆ. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ.

ಇನ್ನು ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಅದರಲ್ಲಿ ಎರಡು ಭಾಗಗಳಿವೆ. ಒಂದು ಕಿರಿಯರಿಗೆ ಅಷ್ಟಾಗಿ ರುಚಿಸಲಾರದು, ಇನ್ನೊಂದು ಹಿರಿಯರಿಗೆ ಧೈರ್ಯ ಕೊಡಬಹುದು.

ಮೊದಲನೆಯದು: ಉಡುಪಿನ ನಿಯಮ ಇರುವುದು ಸರಿಯೇ. “ನಾನು ದುಡ್ಡು ಕೊಟ್ಟಿದ್ದೇನೆ, ರಜೆಯ ಮೇಲೆ ಬಂದಿದ್ದೇನೆ, ಚಡ್ಡಿಯಲ್ಲಿ ಕುಳಿತು ಉಂಡರೆ ಯಾರಿಗೇನು ನಷ್ಟ?” ಎಂದು ನನ್ನ ಅಳಿಯಂದಿರ ವಯಸ್ಸಿನ ತರುಣರು ವಾದಿಸುವುದನ್ನು ಕೇಳಿದ್ದೇನೆ. ಹಣ ಕೊಟ್ಟು ಕೊಂಡದ್ದು ಊಟವನ್ನೇ ಹೊರತು ಪಕ್ಕದ ಮೇಜಿನವರ ಸಂಜೆಯನ್ನಲ್ಲ. ಆ ಪಕ್ಕದ ಮೇಜಿನಲ್ಲಿ ವಿವಾಹದ ಐವತ್ತನೆಯ ವರ್ಷವನ್ನು ಆಚರಿಸಲೆಂದು ಹಣ ಕೂಡಿಟ್ಟು ಬಂದ ವೃದ್ಧ ದಂಪತಿಗಳಿರಬಹುದು. ಈಜುಕೊಳದಿಂದ ಎದ್ದು ನೀರು ತೊಟ್ಟಿಕ್ಕಿಸುತ್ತ ಬಂದು ಅವರ ಮಗ್ಗುಲಲ್ಲಿ ಕೂರುವುದು ಅವರ ಸಡಗರವನ್ನು ಹಗುರವಾಗಿ ಕಂಡಂತೆ. ಚಡ್ಡಿಯಲ್ಲೇ ಉಣ್ಣಬೇಕೆನ್ನುವವರಿಗೆ ಮೇಲಿನ ಬಫೆಯ ಬಾಗಿಲು ತೆರೆದೇ ಇರುತ್ತದೆ. ಅಲ್ಲಿಯ ಊಟವೂ ಕಡಿಮೆಯದಲ್ಲ.

ಇನ್ನೊಂದು ಕಾರಣ ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುತ್ತದೆ. ಆ ರೆಸ್ಟೋರೆಂಟಿನಲ್ಲಿ ಬಡಿಸುವವರನ್ನು ನೋಡಿರಿ. ಫಿಲಿಪ್ಪೀನ್ಸ್, ಇಂಡೋನೇಷ್ಯ, ನಮ್ಮ ಗೋವೆ, ಮುಂಬಯಿ, ಮಂಗಳೂರು ಕಡೆಯ ಹುಡುಗರು ಮನೆಮಠಗಳನ್ನು ಬಿಟ್ಟು ತಿಂಗಳುಗಟ್ಟಲೆ ಸಮುದ್ರದ ಮೇಲಿರುತ್ತಾರೆ. ಕತ್ತಿನವರೆಗೆ ಗುಂಡಿ ಹಾಕಿ, ಇಸ್ತ್ರಿಯ ಗೆರೆ ಕೆಡದಂತೆ, ಮಿರುಗುವ ಬೂಟಿನಲ್ಲಿ ಹೊತ್ತುಗಟ್ಟಲೆ ನಿಂತಿರುತ್ತಾರೆ. ನಿಂತು ಬಡಿಸುವವನಿಗೆ ಅಷ್ಟು ಶಿಸ್ತು, ಕುಳಿತು ಉಣ್ಣುವವನಿಗೆ ಯಾವ ಶಿಸ್ತೂ ಬೇಡ ಎನ್ನುವುದು ನನ್ನ ದೃಷ್ಟಿಯಲ್ಲಿ ಸಭ್ಯತೆಯಲ್ಲ. ಮುಖ ತೊಳೆದು, ತಲೆ ಬಾಚಿ, ಒಗೆದ ಬಟ್ಟೆ ತೊಟ್ಟು ಊಟಕ್ಕೆ ಕುಳಿತರೆ ಅಡುಗೆ ಮಾಡಿದವನಿಗೂ ಬಡಿಸಿದವನಿಗೂ ನಾವು ಮಾತಿಲ್ಲದೆ ಸಲ್ಲಿಸುವ ಮರ್ಯಾದೆ ಅದು.

ಹಾಗೆ ನೋಡಿದರೆ ನಮ್ಮಲ್ಲೇನು ನಿಯಮಗಳಿಲ್ಲವೆ? ಮಲೆನಾಡಿನ ಮದುವೆಮನೆಯ ಪಂಕ್ತಿಗೆ ಕೈಕಾಲು ತೊಳೆಯದೆ ಯಾರೂ ಕೂರುತ್ತಿರಲಿಲ್ಲ. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಬನಿಯನ್ನುಗಳನ್ನು ಕಳಚಿಯೇ ದೇವರ ದರ್ಶನಕ್ಕೆ ಹೋಗಬೇಕು. ಗುರುವಾಯೂರಿನಲ್ಲಿ ಪ್ಯಾಂಟು ತೊಟ್ಟ ಗಂಡಸಿಗೆ ಒಳಗೆ ಪ್ರವೇಶವಿಲ್ಲ, ಪಂಚೆಯೇ ಆಗಬೇಕು. ನವಮಂಗಳೂರು ಬಂದರಿಗೆ ಕ್ರೂಸ್ ಹಡಗುಗಳು ಬಂದು ನಿಂತಾಗ, ಅದರಿಂದಿಳಿದ ವಿದೇಶೀ ಪ್ರವಾಸಿಗಳು ಕುದ್ರೋಳಿಯ ಗೋಕರ್ಣನಾಥ ದೇವಾಲಯಕ್ಕೂ ಮೂಡಬಿದಿರೆಯ ಸಾವಿರ ಕಂಬದ ಬಸದಿಗೂ ಹೋಗುತ್ತಾರೆ. ಅಲ್ಲಿ ಪಾದರಕ್ಷೆ ಕಳಚಿ ಬರಿಗಾಲಲ್ಲಿ ನಡೆಯಬೇಕೆಂದರೆ ಅವರು ತಕರಾರಿಲ್ಲದೆ ನಡೆಯುತ್ತಾರೆ. ನಮ್ಮ ಅಂಗಳದಲ್ಲಿ ನಮ್ಮ ರೀತಿಗೆ ಅವರು ಕೊಡುವ ಬೆಲೆಯನ್ನು ಅವರ ಅಂಗಳದಲ್ಲಿ ನಾವೂ ಕೊಡಬೇಕಾದುದು ನ್ಯಾಯ.

ಇಷ್ಟು ಹೇಳಿದ ಮೇಲೆ ಎರಡನೆಯ ಭಾಗಕ್ಕೆ ಬರುತ್ತೇನೆ. ನಿಯಮ ಕೇಳುವುದು ಅಚ್ಚುಕಟ್ಟನ್ನು. ಅಚ್ಚುಕಟ್ಟೆಂದರೆ ಪಾಶ್ಚಾತ್ಯ ಉಡುಪು ಮಾತ್ರ ಎಂದು ನಿಯಮ ಹೇಳುವುದಿಲ್ಲ. ಅದನ್ನು ಹೇಳುತ್ತಿರುವವರು ನಾವೇ.

ನಮ್ಮ ಪ್ರಯಾಣದಲ್ಲಿ ನಡೆದುದನ್ನೇ ಹೇಳುತ್ತೇನೆ. ಎರಡನೆಯ ದಿನ ಸಂಜೆ ಇಟಲಿಯ ಊಟದ ರೆಸ್ಟೋರೆಂಟಿಗೆ ಹೋಗುವುದೆಂದು ಮಗಳು ಸ್ಥಳ ಕಾದಿರಿಸಿದ್ದಳು. ನಿಯಮದ ಹಾಳೆಯನ್ನು ನನ್ನ ಕೈಗಿಟ್ಟು, “ಅಪ್ಪಯ್ಯಾ, ನೀವೇ ಓದಿ ನೋಡಿ, ಏನು ಉಡುತ್ತೀರೆಂದು ನೀವೇ ಹೇಳಿ” ಎಂದಳು. ಓದಿದೆ. ಗಂಡಸರಿಗೆ ಕಾಲು ಮುಚ್ಚುವ ಉಡುಪು ಬೇಕೆಂಬುದು ಅದರ ಆಶಯ. ಹಿಮ್ಮಡಿಯವರೆಗೆ ಇಳಿಬಿಟ್ಟ ಬಿಳಿಯ ಜರಿಯಂಚಿನ ಪಂಚೆ ಕಾಲು ಮುಚ್ಚುವುದರಲ್ಲಿ ಯಾವ ಪ್ಯಾಂಟಿಗೂ ಕಡಿಮೆಯಲ್ಲ. ಆದರೂ ಬಾಗಿಲಲ್ಲಿ ನಿಂತು ವಾದಿಸುವ ಪರಿಸ್ಥಿತಿ ಬರಬಾರದೆಂದು, ಮಗಳು ಮಧ್ಯಾಹ್ನವೇ ಹೋಗಿ ಅಲ್ಲಿಯ ಮೇಲ್ವಿಚಾರಕಿಯನ್ನು ವಿಚಾರಿಸಿದಳು. ನಿಮ್ಮ ದೇಶದ ಸಾಂಪ್ರದಾಯಿಕ ಉಡುಪಿನಲ್ಲಿ ಧಾರಾಳವಾಗಿ ಬರಬಹುದೆಂಬ ಉತ್ತರ ಬಂತು. ಸಂಜೆ ನಾನು ಪಂಚೆ, ತುಂಬುತೋಳಿನ ಅಂಗಿ, ಮುಚ್ಚುಗೊರಳಿನ ಕೋಟು ತೊಟ್ಟು ಹೋದೆ. ನನ್ನ ಶ್ರೀಮತಿ ಮೈಸೂರು ರೇಷ್ಮೆಯ ಸೀರೆಯುಟ್ಟಿದ್ದಳು. ಯಾರೂ ತಡೆಯಲಿಲ್ಲ, ಯಾರೂ ವಿಚಿತ್ರವಾಗಿ ನೋಡಲೂ ಇಲ್ಲ. ಹೊರಗೆ ಅಲಾಸ್ಕದ ಬೇಸಿಗೆಯ ಮುಗಿಯದ ಬೆಳಕು, ಒಳಗೆ ಬಿಸಿ ಬಿಸಿ ಸೂಪು. ಊಟ ಮುಗಿಸಿ ಬಂದೆವು, ಅಷ್ಟೆ. ಹೇಳಿಕೊಳ್ಳುವಂತಹ ಘಟನೆಯೇನೂ ಜರುಗಲಿಲ್ಲ ಎಂಬುದೇ ಇಲ್ಲಿ ಹೇಳಿಕೊಳ್ಳಬೇಕಾದ ಸಂಗತಿ.

ಆದರೆ ಅದೇ ಹಡಗಿನಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಹಾಸನದ ಕಡೆಯ ತಾಯಿಯೊಬ್ಬರು, ನಮ್ಮದೇ ವಯಸ್ಸಿನವರು, ಪ್ರತಿ ಸಂಜೆಯೂ ಬಫೆಯ ಮೂಲೆಯ ಮೇಜಿನಲ್ಲಿ ಒಬ್ಬರೇ ಕುಳಿತು ಉಣ್ಣುತ್ತಿದ್ದರು. ಕನ್ನಡದ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಶ್ರೀಮತಿಯೊಡನೆ ಅವರಿಗೆ ಸ್ನೇಹವಾಯಿತು. ಮಗ ಸೊಸೆ ಮೊಮ್ಮಕ್ಕಳು ಎಲ್ಲಿ ಎಂದು ಕೇಳಿದ್ದಕ್ಕೆ, “ಅವ್ರೆಲ್ಲ ಕೆಳಗಡೆ ದೊಡ್ಡ ಹೋಟ್ಲಿಗೆ ಹೋಗವ್ರೆ. ಅಲ್ಲಿಗೆ ಸೀರೆ ಉಟ್ಕಂಡು ಹೋದ್ರೆ ಒಳಗೆ ಬಿಡಲ್ವಂತೆ ಕಣ್ರೀ. ಈ ವಯಸ್ನಲ್ಲಿ ನಾನು ಪ್ಯಾಂಟು ಹಾಕಕ್ಕಾಗುತ್ತಾ? ನಮಗ್ಯಾಕೆ ಬಿಡಿ, ಇಲ್ಲೇ ಅನ್ನ ಮೊಸರು ಸಿಗುತ್ತಲ್ಲ” ಎಂದರಂತೆ. ಹಿಂದಿನ ರಾತ್ರಿಯಷ್ಟೇ ನನ್ನ ಶ್ರೀಮತಿ ಸೀರೆಯುಟ್ಟು ಅಲ್ಲಿಯೇ ಉಂಡು ಬಂದಿದ್ದಳು! ಅವರಿಗೆ ಏನು ಹೇಳಬೇಕೋ ತಿಳಿಯದೆ ಅವಳು ಮಾತು ಬದಲಿಸಿದಳು. ಮರುದಿನ ಮಾತ್ರ ತಾನು ಆ ರೆಸ್ಟೋರೆಂಟಿಗೆ ಸೀರೆಯಲ್ಲೇ ಹೋಗಿದ್ದ ವಿಷಯವನ್ನು, ಅವರ ಸೊಸೆ ಪಕ್ಕದಲ್ಲಿದ್ದಾಗ, ಸಹಜವಾಗಿ ಮಾತಿನ ನಡುವೆ ಸೇರಿಸಿ ಹೇಳಿದಳು. ಮುಂದೇನಾಯಿತೋ ನಾವು ವಿಚಾರಿಸಲಿಲ್ಲ.

ಆ ಮಗನನ್ನು ನಾನು ದೂಷಿಸಲಾರೆ. ತಾಯಿಯನ್ನು ಸಾವಿರಾರು ಮೈಲಿ ದೂರದಿಂದ ಕರೆಸಿಕೊಂಡು, ಅಷ್ಟು ಹಣ ಖರ್ಚು ಮಾಡಿ ಹಡಗು ಹತ್ತಿಸಿದವನಲ್ಲಿ ಪ್ರೀತಿಯಿಲ್ಲವೆಂದು ಯಾರು ಹೇಳಿಯಾರು? ಬಾಗಿಲಲ್ಲಿ ಯಾರಾದರೂ ಏನಾದರೂ ಅಂದರೆ ತಾಯಿಗೆ ನೋವಾದೀತೆಂದು ಮುಂಜಾಗ್ರತೆ ವಹಿಸಿದ್ದಿರಬಹುದು. ಅಥವಾ ಪರದೇಶದಲ್ಲಿ ಹತ್ತಾರು ವರ್ಷ ಹತ್ತರೊಡನೆ ಹನ್ನೊಂದಾಗಿ ಬಾಳಲು ಕಲಿತವನಿಗೆ ಎಲ್ಲರ ಕಣ್ಣಿಗೆ ಬೀಳುವುದೇ ಒಂದು ಭಯವಾಗಿದ್ದಿರಬಹುದು. ಭಯ ಯಾವುದೇ ಇರಲಿ, ಅದರ ಬೆಲೆ ತೆತ್ತವರು ಆ ತಾಯಿ. ಹಡಗಿನ ನಿಯಮ ಹೊರಗಿಡದವರನ್ನು ಮನೆಯವರ ಅಳುಕು ಹೊರಗಿಟ್ಟಿತು.

ಇದನ್ನು ಕಂಡಾಗ ನನಗೆ ಪಾಠದಲ್ಲಿ ಹೇಳುತ್ತಿದ್ದ ಒಂದು ಪ್ರಸಂಗ ನೆನಪಾಯಿತು. 1888ರ ಸೆಪ್ಟೆಂಬರಿನಲ್ಲಿ ಹದಿನೆಂಟು ವರ್ಷದ ಮೋಹನದಾಸ ಗಾಂಧಿ ಮುಂಬಯಿಯಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟರು. ಮುಳ್ಳುಚಮಚ, ಚಾಕುಗಳನ್ನು ಬಳಸಲು ಬಾರದು. ಯಾವ ತಿನಿಸಿನಲ್ಲಿ ಮಾಂಸವಿಲ್ಲವೆಂದು ಕೇಳಲು ಧೈರ್ಯವಿಲ್ಲ. ಆದ್ದರಿಂದ ಅವರು ಮೇಜಿಗೆ ಹೋಗದೆ, ಮನೆಯಿಂದ ತಂದಿದ್ದ ಸಿಹಿತಿಂಡಿ ಹಣ್ಣುಗಳನ್ನೇ ಹೆಚ್ಚಾಗಿ ಕ್ಯಾಬಿನ್ನಿನಲ್ಲಿ ತಿನ್ನುತ್ತಿದ್ದರು. ಇಳಿಯುವ ದಿನಕ್ಕೆಂದೇ ಬಿಳಿಯ ಫ್ಲಾನೆಲ್ ಸೂಟೊಂದನ್ನು ಜೋಪಾನವಾಗಿಟ್ಟುಕೊಂಡಿದ್ದರು. ಇಳಿದು ನೋಡಿದರೆ ಸೆಪ್ಟೆಂಬರ್ ಕೊನೆಯ ಆ ದಿನಗಳಲ್ಲಿ ಅಂತಹ ಬಟ್ಟೆ ತೊಟ್ಟವರು ಅವರೊಬ್ಬರೇ. ಪರರ ಉಡುಪನ್ನು ಪರರಿಗಿಂತ ಚೆನ್ನಾಗಿ ತೊಡಲು ಹೋದವರಿಗೆ ಆದ ಪೇಚಾಟವದು. ನಲವತ್ಮೂರು ವರ್ಷಗಳ ತರುವಾಯ, 1931ರಲ್ಲಿ, ಅದೇ ಗಾಂಧೀಜಿ ಮತ್ತೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು. ತುಂಡು ಪಂಚೆ ಮತ್ತು ಶಾಲಿನಲ್ಲಿಯೇ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೊರೆಯನ್ನು ಕಂಡುಬಂದರು. ನಾವೆಲ್ಲ ಗಾಂಧಿಯಾಗಲಾರೆವು, ಆಗಬೇಕಾಗಿಯೂ ಇಲ್ಲ. ಆದರೆ ಕ್ಯಾಬಿನ್ನಿನಲ್ಲಿ ಒಬ್ಬರೇ ಕುಳಿತು ತಿನ್ನುವುದಕ್ಕೂ ತಲೆಯೆತ್ತಿ ಮೇಜಿನ ಮುಂದೆ ಕೂರುವುದಕ್ಕೂ ನಡುವೆ ಬಟ್ಟೆಗಿಂತ ಮಿಗಿಲಾದುದು ಏನೋ ಇದೆ ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ.

ಪರದೇಶದವರಿಗಿಂತ ನಾವೇ ನಮ್ಮವರ ಉಡುಪಿಗೆ ಹೆಚ್ಚು ಅಡ್ಡಿಯಾಗುತ್ತಿದ್ದೇವೆಂಬುದಕ್ಕೆ ನಮ್ಮ ನಾಡಿನಲ್ಲಿಯೂ ನಿದರ್ಶನಗಳಿಗೆ ಕೊರತೆಯಿಲ್ಲ. 2014ರಲ್ಲಿ ಚೆನ್ನೈನ ಕ್ಲಬ್ಬೊಂದು, ಪುಸ್ತಕ ಬಿಡುಗಡೆಗೆಂದು ಬಂದ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನು ವೇಷ್ಟಿ ಉಟ್ಟಿದ್ದರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡಿನ ವಿಧಾನಸಭೆ ಇಂತಹ ನಿರ್ಬಂಧದ ವಿರುದ್ಧ ಕಾನೂನನ್ನೇ ಮಾಡಿತು. 2021ರಲ್ಲಿ ದಿಲ್ಲಿಯ ರೆಸ್ಟೋರೆಂಟೊಂದರಲ್ಲಿ ಸೀರೆಯು ‘ಸ್ಮಾರ್ಟ್ ಕ್ಯಾಶುಯಲ್’ ಅಲ್ಲವೆಂದು ಸಿಬ್ಬಂದಿ ಹೇಳಿದ ದೃಶ್ಯ ದೇಶದಲ್ಲೆಲ್ಲ ಹರಡಿ ಚರ್ಚೆಯಾಯಿತು. 2024ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ, ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ವೃದ್ಧ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆಂದು ಮಾಗಡಿ ರಸ್ತೆಯ ಮಾಲ್‌ನ ಬಾಗಿಲಲ್ಲಿ ತಡೆದರು. ಆ ಮಾತು ವಿಧಾನಸಭೆಯವರೆಗೆ ಹೋಗಿ, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಶಿಕ್ಷೆಯಾದುದು ಸರಿ. ಆದರೆ ಬಾಗಿಲು ಕಾಯುವವನ ಮನಸ್ಸಿನಲ್ಲಿ ಆ ಅಳತೆಗೋಲನ್ನು ಇಟ್ಟವರು ಯಾರು? ಆ ರೈತರನ್ನು ತಡೆದವನ ಸ್ವಂತ ತಂದೆಯೂ ಬಹುಶಃ ಊರಿನಲ್ಲಿ ಪಂಚೆಯನ್ನೇ ಉಡುತ್ತಿರಬಹುದು. ಅಮೆರಿಕದ ಹಡಗಿನ ಬಾಗಿಲಲ್ಲಿ ಸುಲಭವಾಗಿ ಸಿಕ್ಕ ಪ್ರವೇಶ ಮಾಗಡಿ ರಸ್ತೆಯ ಬಾಗಿಲಲ್ಲಿ ಸಿಗಲಿಲ್ಲವೆಂದರೆ ತಿದ್ದಬೇಕಾದುದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆಂದ ಮಾತ್ರಕ್ಕೆ ಊರಿನ ಉಡುಗೆ ಎಂಬ ಹೆಸರಿನಲ್ಲಿ ಏನು ಉಟ್ಟರೂ ಸರಿಯೆಂದು ನನ್ನ ಅಭಿಪ್ರಾಯವಲ್ಲ. ಚೌಕುಳಿಯ ಲುಂಗಿ ಮನೆಯ ಜಗುಲಿಗೆ ಚೆಂದ. ಹಡಗಿನ ಭೋಜನಶಾಲೆಯಲ್ಲಿ ಅದು ಅವರ ಪೈಜಾಮಕ್ಕೆ ಸಮಾನ. ಪಂಚೆಯನ್ನು ಮಡಿಚಿ ಮೊಣಕಾಲಿನ ಮೇಲೆ ಎತ್ತಿ ಕಟ್ಟಿದರೆ ಅದು ಚಡ್ಡಿಯ ಲೆಕ್ಕಕ್ಕೇ ಸೇರುತ್ತದೆ. ಮದುವೆಮನೆಯ ಊಟಕ್ಕೆ ಹೇಗೆ ಹೋಗುತ್ತೇವೆಯೋ ಹಾಗೆ ಹೋದರೆ ಸಾಕು. ಇದಕ್ಕಿಂತ ಸರಳವಾದ ಸೂತ್ರ ನನಗೆ ತೋಚದು. ಒಂದು ಸಂಜೆಗೆಂದು ಸಾವಿರಾರು ರೂಪಾಯಿಯ ಸೂಟು ಹೊಲಿಸಿ, ಆಮೇಲೆ ಅದನ್ನು ಬೀರುವಿನಲ್ಲಿ ನುಸಿಗುಳಿಗೆಯೊಂದಿಗೆ ಇಡುವುದು ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ವಿವೇಕಕ್ಕೆ ಹೊಂದುವುದಿಲ್ಲ.

ಇನ್ನು ಪ್ರಯಾಣ ಹೊರಡುವವರ ಅನುಕೂಲಕ್ಕಾಗಿ, ಅನುಭವದಿಂದ ಕಂಡುಕೊಂಡ ಕೆಲವು ಸಂಗತಿಗಳನ್ನು ತಿಳಿಸುತ್ತೇನೆ.

ಇಸ್ತ್ರಿಪೆಟ್ಟಿಗೆಯನ್ನು ಹಡಗಿಗೆ ಒಯ್ಯಲು ಬಿಡುವುದಿಲ್ಲ. ಸಮುದ್ರದ ನಡುವೆ ಬೆಂಕಿಯ ಭಯ ಬಹಳ. ಕೆಲವು ಹಡಗುಗಳಲ್ಲಿ ಪ್ರಯಾಣಿಕರೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಳ್ಳುವ ಕೋಣೆಗಳಿರುತ್ತವೆ. ಇಲ್ಲದಿದ್ದರೆ ದುಡ್ಡು ಕೊಟ್ಟು ಮಾಡಿಸಬೇಕು. ಆದ್ದರಿಂದ ಗಂಜಿ ಹಾಕಿದ ಹತ್ತಿಯ ಸೀರೆಗಿಂತ ಮೈಸೂರು ಕ್ರೇಪ್ ರೇಷ್ಮೆ ಮೇಲು. ಮಡಿಸಿಟ್ಟರೂ ಅಷ್ಟಾಗಿ ಸುಕ್ಕುಗಟ್ಟದು, ಪೆಟ್ಟಿಗೆಯಲ್ಲಿ ಸ್ಥಳವೂ ಹೆಚ್ಚು ಬೇಡ. ಟೈಟಾನಿಕ್ ಮುಳುಗಿದ ಆ 1912ರಲ್ಲಿಯೇ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಸ್ಥಾಪನೆಯಾಯಿತು. ಆ ಹಡಗಿನ ವೈಭವ ಕಡಲಿನ ತಳ ಸೇರಿತು, ಮೈಸೂರಿನ ರೇಷ್ಮೆ ಇಂದಿಗೂ ಹೆಂಗಳೆಯರ ಮೈಮೇಲಿದೆ.

ಹಡಗಿನೊಳಗೆ ಹವಾನಿಯಂತ್ರಣದ ಚಳಿ ವಿಪರೀತ. ಹೆಂಗಸರು ಒಂದು ಶಾಲು, ಗಂಡಸರು ಒಂದು ಕೋಟು ಇಟ್ಟುಕೊಂಡರೆ ಮರ್ಯಾದೆಗೂ ಆಯಿತು, ಬೆಚ್ಚಗೂ ಆಯಿತು. ನೆಲ ಕೆಲವೊಮ್ಮೆ ಮೆಲ್ಲಗೆ ತೂಗುವುದರಿಂದ ಎತ್ತರದ ಹಿಮ್ಮಡಿಯ ಪಾದರಕ್ಷೆ ಹಿರಿಯರಿಗೆ ಅಪಾಯ. ಹಿಂಬದಿ ಪಟ್ಟಿಯಿರುವ, ಜಾರದ ಚರ್ಮದ ಚಪ್ಪಲಿಯೋ ಬೂಟೋ ಒಳ್ಳೆಯದು. ಸೀರೆಯನ್ನು ನೆಲದಿಂದ ಒಂದಿಷ್ಟು ಮೇಲಕ್ಕೆ ಉಟ್ಟರೆ ಮೆಟ್ಟಿಲುಗಳಲ್ಲಿ ಎಡವುವ ಭಯವಿಲ್ಲ.

ಜಪಾನೀ ರೆಸ್ಟೋರೆಂಟುಗಳಲ್ಲಿ ಟೆಪ್ಪನ್‌ಯಾಕಿ ಎಂಬ ಏರ್ಪಾಡುಂಟು. ಕಾದ ಕಬ್ಬಿಣದ ಹಂಚಿನ ಸುತ್ತ ಅತಿಥಿಗಳನ್ನು ಕೂರಿಸಿ, ಅವರ ಕಣ್ಣೆದುರಿಗೇ ಅಡುಗೆ ಮಾಡುತ್ತಾರೆ. ನಡುನಡುವೆ ಬೆಂಕಿಯ ಜ್ವಾಲೆಯೆಬ್ಬಿಸಿ ಮಕ್ಕಳನ್ನು ರಂಜಿಸುತ್ತಾರೆ. ಅಲ್ಲಿಗೆ ನೈಲಾನ್, ಪಾಲಿಯೆಸ್ಟರ್ ಸೀರೆ ಬೇಡ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರಬೇಕು. ಸ್ಟೇಕ್ ರೆಸ್ಟೋರೆಂಟುಗಳಲ್ಲಿ ಮುಖ್ಯ ಪದಾರ್ಥವೇ ದನದ ಮಾಂಸ. ಸಸ್ಯಾಹಾರಿಗಳು ಉಡುಪಿನ ಬಗ್ಗೆ ಚಿಂತಿಸುವ ಮುನ್ನ ಅಲ್ಲಿ ತಮಗೆ ಉಣ್ಣಲು ಏನಿದೆಯೆಂದು ವಿಚಾರಿಸಿಕೊಳ್ಳುವುದು ಕ್ಷೇಮ.

ಇನ್ನೊಂದು ಮಾತು. ಹತ್ತಿದ ದಿನ ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ನಿಗೆ ಬಂದು ಮುಟ್ಟುವಾಗ ಸಂಜೆಯಾಗುವುದುಂಟು. ಮೊದಲ ರಾತ್ರಿಯೇ ಸ್ಪೆಷಾಲಿಟಿ ರೆಸ್ಟೋರೆಂಟಿಗೆ ಸ್ಥಳ ಕಾದಿರಿಸಿದ್ದರೆ ಒಂದು ಜೊತೆ ಒಳ್ಳೆಯ ಬಟ್ಟೆಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ನಿಯಮಗಳು ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಹಡಗಿನ ರೆಸ್ಟೋರೆಂಟಿನಿಂದ ರೆಸ್ಟೋರೆಂಟಿಗೆ ಬೇರೆಯಾಗಿರುವುದರಿಂದ, ಹೊರಡುವ ಮೊದಲು ಓದಿಕೊಳ್ಳುವುದು, ಪಂಚೆ ಉಡುವುದಿದ್ದರೆ ಮುಂಚಿತವಾಗಿ ಒಂದು ಮಾತು ಕೇಳಿಟ್ಟುಕೊಳ್ಳುವುದು ಲೇಸು.

ಕೊನೆಯದಾಗಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ತಂದೆತಾಯಿಗಳಿಗೆ ನೀವೇ ನಿಯಮವನ್ನು ಊಹಿಸಿ ಹೇಳಬೇಡಿ. ಅದನ್ನು ಕನ್ನಡದಲ್ಲಿ ಓದಿ ತಿಳಿಸಿ, ಏನು ಉಡಬೇಕೆಂಬುದನ್ನು ಅವರಿಗೇ ಬಿಡಿ. ಅಮ್ಮನಿಗೆ ಚೂಡಿದಾರ ತೊಡುವ ಆಸೆಯಿದ್ದರೆ ಸಂತೋಷವಾಗಿ ತೊಡಲಿ. ಅಪ್ಪನಿಗೆ ಪ್ಯಾಂಟೇ ಹಿತವೆನಿಸಿದರೆ ಹಾಗೆಯೇ ಆಗಲಿ. ಪಂಚೆಯನ್ನೇ ಉಡಬೇಕು, ಸೀರೆಯನ್ನೇ ಉಡಬೇಕು ಎಂಬ ಹಟವೂ ಒಂದು ಬಗೆಯ ಬಲವಂತವೇ. ಆದರೆ ಅವರು ತಮ್ಮ ಮೈಗೆ ಒಗ್ಗಿದ ಉಡುಪಿನಲ್ಲಿ ಬರುತ್ತೇನೆಂದರೆ, ಅವರ ಕೈ ಹಿಡಿದು ಪಕ್ಕದಲ್ಲಿ ನಡೆಯಿರಿ. ಬಾಗಿಲಲ್ಲಿ ಯಾರಾದರೂ ಪ್ರಶ್ನಿಸಿದರೆ, ಇದು ನಮ್ಮ ನಾಡಿನ ಮರ್ಯಾದೆಯ ಉಡುಪೆಂದು ಅವರ ಪರವಾಗಿ ವಿನಯದಿಂದ ಹೇಳುವ ಇಂಗ್ಲಿಷನ್ನು ನೀವು ಕಲಿತಿದ್ದೀರಿ. ಆ ಇಂಗ್ಲಿಷನ್ನು ಕಲಿಸಲು ಶುಲ್ಕ ಕಟ್ಟಿದವರು ಅವರೇ.

ಗಾದೆಯಲ್ಲಿ ‘ಪರರಿಚ್ಛೆ’ ಎಂಬ ಮಾತಿದೆಯಲ್ಲ, ಅದರ ವಿಸ್ತರಣೆಯನ್ನು ಹೀಗೆ ಮುಗಿಸುತ್ತೇನೆ. ಪರರ ಇಚ್ಛೆಯೆಂದರೆ ಪರರಂತೆ ಆಗುವುದಲ್ಲ. ಎದುರಿಗಿರುವವರಿಗೆ ಬೇಸರವಾಗದಂತೆ, ಗೌರವ ತೋರುವಂತೆ ಇರುವುದು. ಅಷ್ಟನ್ನು ಒಗೆದು ಮಡಿಸಿಟ್ಟ ಯಾವ ಉಡುಪಿನಲ್ಲಾದರೂ ಸಾಧಿಸಬಹುದು. ಈ ವಿಚಾರದಲ್ಲಿ ನಿಮ್ಮ ಅನುಭವಗಳೇನಾದರೂ ಇದ್ದರೆ, ಭಿನ್ನಾಭಿಪ್ರಾಯವಿದ್ದರೂ ಸರಿಯೆ, ಬರೆದು ತಿಳಿಸಿದರೆ ಸಂತೋಷ. ಎಲ್ಲರಿಗೂ ಶುಭವಾಗಲಿ.